ಗೆರೆ ಎಳೆದ ಮೇಲೆ ಕೇಳುವ ಅಭಿಪ್ರಾಯ

1968ರ ಏಪ್ರಿಲ್ 10. ನ್ಯೂಯಾರ್ಕಿನ ಒಂದು ಪ್ರೌಢಶಾಲೆಯಲ್ಲಿ ಸಾರ್ವಜನಿಕ ಅಹವಾಲು ಸಭೆ. ಮ್ಯಾನ್‌ಹಟನ್ನಿನ ದಕ್ಷಿಣ ಭಾಗವನ್ನು ಸೀಳಿಕೊಂಡು ಹೋಗಲಿದ್ದ ಹತ್ತು ಪಥಗಳ ಹೆದ್ದಾರಿಯ ಬಗ್ಗೆ ಜನರ ಮಾತು ಕೇಳಲು ಅಧಿಕಾರಿಗಳು ವೇದಿಕೆಯ ಮೇಲೆ ಕುಳಿತಿದ್ದರು. ಮಾತನಾಡಲು ಎದ್ದ ಲೇಖಕಿ ಜೇನ್ ಜೇಕಬ್ಸ್ ಅವರ ಕಣ್ಣಿಗೆ ಬಿದ್ದದ್ದು ಮೈಕು. ಅದನ್ನು ಸಭಿಕರ ಕಡೆಗೆ ತಿರುಗಿಸಿ ಇಡಲಾಗಿತ್ತು. ಹೇಳಬೇಕಾದವರು ಅಧಿಕಾರಿಗಳಿಗೆ ಬೆನ್ನು ಹಾಕಿ ನಿಂತು, ತಮ್ಮ ಅಕ್ಕಪಕ್ಕದವರಿಗೇ ಅಹವಾಲು ಹೇಳಿಕೊಳ್ಳಬೇಕಿತ್ತು. ಜೇಕಬ್ಸ್ ಅದನ್ನೇ ಎತ್ತಿ ಆಡಿದರು. ಒಂದಷ್ಟು ಜನರೊಂದಿಗೆ ವೇದಿಕೆ ಹತ್ತಿದರು. ಗದ್ದಲದಲ್ಲಿ ಶೀಘ್ರಲಿಪಿ ಯಂತ್ರದ ಟೇಪು ನೆಲಕ್ಕೆ ಚೆಲ್ಲಿತು. ದಾಖಲೆಯೇ ಇಲ್ಲವೆಂದ ಮೇಲೆ ಸಭೆ ನಡೆದಂತಲ್ಲ ಎಂದು ಅವರು ಸಾರಿದರು. ಪೊಲೀಸರು ಅವರನ್ನು ಬಂಧಿಸಿದರು. ಮರುವರ್ಷ ಆ ಹೆದ್ದಾರಿ ನಗರದ ನಕ್ಷೆಯಿಂದಲೇ ಅಳಿಸಿಹೋಯಿತು.

ಆ ಮೈಕಿನ ಮುಖ ಎತ್ತ ಇತ್ತು ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ. ಕಾನೂನು ಬೇಡಿದ್ದೆಲ್ಲ ಅಲ್ಲಿತ್ತು: ಸಭಾಂಗಣ, ಅಧಿಕಾರಿಗಳು, ಸರದಿಯಲ್ಲಿ ಮಾತನಾಡುವ ಅವಕಾಶ. ಇಲ್ಲದಿದ್ದದ್ದು ಕೇಳುವ ಕಿವಿ. ಏಕೆಂದರೆ ರಸ್ತೆ ಎಲ್ಲಿ ಹೋಗಬೇಕೆಂದು ಅಷ್ಟರಲ್ಲಿ ತೀರ್ಮಾನವಾಗಿತ್ತು. ನಗರದ ಬೆಳವಣಿಗೆಯ ಬಗ್ಗೆ ನಿವಾಸಿಗಳು ಆಡಳಿತವನ್ನು ಪ್ರಶ್ನಿಸುತ್ತ ಬಂದ ಚರಿತ್ರೆಯನ್ನು ಓದುತ್ತ ಹೋದರೆ ಜಗಳ ಮತ್ತೆ ಮತ್ತೆ ಒಂದೇ ಕಡೆ ಬಂದು ನಿಲ್ಲುತ್ತದೆ. ಕೇಳಿದರೋ ಇಲ್ಲವೋ ಎನ್ನುವುದಕ್ಕಿಂತ, ಕೇಳಿದ್ದು ಯಾವಾಗ?

ಹತ್ತೊಂಬತ್ತನೇ ಶತಮಾನದಲ್ಲಿ ಕೇಳುವ ಮಾತೇ ಇರಲಿಲ್ಲ. 1853ರಿಂದ ಪ್ಯಾರಿಸ್ಸನ್ನು ಒಡೆದು ಕಟ್ಟಿದ ಹೌಸ್‌ಮನ್, ಚಕ್ರವರ್ತಿ ಮೂರನೇ ನೆಪೋಲಿಯನ್ ನೇಮಿಸಿದ ಅಧಿಕಾರಿ. ನಗರಕ್ಕೆ ಚುನಾಯಿತ ಸಭೆ ಇರಲಿಲ್ಲ. ಹಳೆಯ ಓಣಿಗಳ ನಡುವೆ ನೇರವಾದ ಅಗಲ ರಸ್ತೆಗಳು ಬಂದವು, ಬಡವರು ಊರಂಚಿಗೆ ಸರಿದರು. ಕೊನೆಗೆ ಅವನಿಗೆ ತೊಡಕಾದದ್ದು ಲೆಕ್ಕಪತ್ರ. ಶಾಸನಸಭೆಯ ಒಪ್ಪಿಗೆಯನ್ನು ತಪ್ಪಿಸಿ ಎತ್ತಿದ ಸಾಲಗಳನ್ನು ಜೂಲ್ ಫೆರಿ ಎಂಬ ವಕೀಲ ಪತ್ರಿಕೆಯಲ್ಲಿ ಒಂದೊಂದಾಗಿ ಬಿಚ್ಚಿಟ್ಟ. 1870ರ ಜನವರಿಯಲ್ಲಿ ಹೌಸ್‌ಮನ್ ಅಧಿಕಾರ ಕಳೆದುಕೊಂಡ. ಅಷ್ಟರಲ್ಲಿ ಒಡೆಯಬೇಕಾದ ಮನೆಗಳಲ್ಲಿ ಬಹುಪಾಲು ಒಡೆದು ಆಗಿತ್ತು.

ಜನರ ಪಾಲ್ಗೊಳ್ಳುವಿಕೆ ಕಾನೂನಿನ ಮಾತಾದದ್ದು ಎರಡನೇ ಮಹಾಯುದ್ಧದ ನಂತರ. ಅಮೆರಿಕದ 1949ರ ವಸತಿ ಕಾಯ್ದೆ, ಹಾಳುಬಿದ್ದ ಬಡಾವಣೆ ಎಂದು ಗುರುತಿಸಿದ್ದನ್ನು ನೆಲಸಮ ಮಾಡಲು ನಗರಗಳಿಗೆ ಕೇಂದ್ರದ ಹಣ ಕೊಟ್ಟಿತು. 1954ರ ತಿದ್ದುಪಡಿಯ ನಂತರ ಆ ಹಣ ಬೇಕಾದ ನಗರ, ನಾಗರಿಕರನ್ನು ಜೊತೆಗೆ ಸೇರಿಸಿಕೊಂಡಿದ್ದೇವೆಂದು ತೋರಿಸಬೇಕಾಯಿತು. ಬಹಳ ಕಡೆ ಮೇಯರ್ ಆರಿಸಿದ ಗಣ್ಯರ ಸಮಿತಿಯೊಂದು ಸಹಿ ಹಾಕಿದರೆ ಮುಗಿಯಿತು. ಮನೆ ಕಳೆದುಕೊಳ್ಳಲಿದ್ದವರು, ಅವರಲ್ಲಿ ಬಹಳ ಮಂದಿ ಕಪ್ಪು ಜನ, ಆ ಸಮಿತಿಗಳಲ್ಲಿ ಇರುತ್ತಿರಲಿಲ್ಲ.

ಕೇಂದ್ರದ ವಸತಿ ಇಲಾಖೆಯಲ್ಲಿ ಕೆಲಸ ಮಾಡಿದ್ದ ಶೆರ್ರಿ ಅರ್ನ್‌ಸ್ಟೀನ್ ಈ ಕಾಟಾಚಾರವನ್ನು ಒಳಗಿನಿಂದಲೇ ಕಂಡಿದ್ದರು. 1969ರಲ್ಲಿ ಅವರು ಪಾಲ್ಗೊಳ್ಳುವಿಕೆಯನ್ನು ಅಳೆಯಲು ಎಂಟು ಮೆಟ್ಟಿಲಿನ ಏಣಿಯೊಂದನ್ನು ಮುಂದಿಟ್ಟರು. ಕೆಳಗಿನ ಎರಡು ಮೆಟ್ಟಿಲು ಪಾಲ್ಗೊಳ್ಳುವಿಕೆಯೇ ಅಲ್ಲ, ಜನರನ್ನು ಪಳಗಿಸುವುದು. ಮಾಹಿತಿ ಕೊಡುವುದು, ಅಭಿಪ್ರಾಯ ಕೇಳುವುದು, ಸಮಾಧಾನಪಡಿಸುವುದು ಎಂಬ ನಡುವಿನ ಮೂರು, ಕಣ್ಣೊರೆಸುವ ತಂತ್ರ. ತೀರ್ಮಾನದಲ್ಲಿ ಜನರಿಗೆ ನಿಜವಾದ ಪಾಲು ಇರುವುದು ಮೇಲಿನ ಮೂರರಲ್ಲಿ ಮಾತ್ರ. ಅದೇ ವರ್ಷ ಬ್ರಿಟನ್ನಿನಲ್ಲಿ ಆರ್ಥರ್ ಸ್ಕೆಫಿಂಗ್ಟನ್ ನೇತೃತ್ವದ ಸಮಿತಿ, ಯೋಜನೆ ತಯಾರಾಗುತ್ತಿರುವಾಗಲೇ ಜನರನ್ನು ಒಳಗೊಳ್ಳಬೇಕೆಂದು ವರದಿ ಕೊಟ್ಟಿತು.

‘ತಯಾರಾಗುತ್ತಿರುವಾಗಲೇ’ ಎಂಬ ಆ ಒಂದು ಪದದ ಬೆಲೆ ಏನೆಂದು ತಿಳಿಯಲು ಜರ್ಮನಿಯ ಸ್ಟುಟ್‌ಗಾರ್ಟಿಗೆ ಹೋಗಬೇಕು. ಅಲ್ಲಿನ ಮುಖ್ಯ ರೈಲು ನಿಲ್ದಾಣವನ್ನು ನೆಲದಡಿಗೆ ಇಳಿಸುವ ಯೋಜನೆ 1994ರಲ್ಲೇ ಪ್ರಕಟವಾಗಿತ್ತು. ಕಾನೂನಿನ ಪ್ರಕಾರ ಕಡತಗಳನ್ನು ಜನರ ಮುಂದೆ ಇಟ್ಟರು, ಆಕ್ಷೇಪಣೆ ಕರೆದರು, ವಿಚಾರಣೆ ನಡೆಸಿದರು. 2007ರಲ್ಲಿ ನಗರದಲ್ಲಿ ಜನಮತ ನಡೆಸಿ ಎಂದು 60 ಸಾವಿರಕ್ಕೂ ಹೆಚ್ಚು ಮಂದಿ ಸಹಿ ಹಾಕಿಕೊಟ್ಟರು. ಬೇಕಿದ್ದದ್ದು 20 ಸಾವಿರ. ಆದರೂ ನಗರಸಭೆ ಅದನ್ನು ತಳ್ಳಿಹಾಕಿತು: ನಿರ್ಣಯಗಳು ಮುಗಿದಿವೆ, ಒಪ್ಪಂದವಾಗಿದೆ, ಕಾಲ ಮೀರಿದೆ. ಮೂರು ವರ್ಷದ ನಂತರ ಮರ ಕಡಿಯುವ ಹೊತ್ತು ಬಂದಾಗ ಜನ ನಿಲ್ದಾಣದ ಪಕ್ಕದ ಉದ್ಯಾನದಲ್ಲಿ ಅಡ್ಡ ನಿಂತರು. 2010ರ ಸೆಪ್ಟೆಂಬರ್ 30ರಂದು ಪೊಲೀಸರು ಅವರ ಮೇಲೆ ಜಲಫಿರಂಗಿ ಹಾರಿಸಿದರು. ನೂರಕ್ಕೂ ಹೆಚ್ಚು ಜನ ಗಾಯಗೊಂಡರು, ಒಬ್ಬರ ಕಣ್ಣಿನ ದೃಷ್ಟಿಯೇ ಬಹುತೇಕ ಹೋಯಿತು.

ಆಮೇಲೆ ಎರಡೂ ಪಕ್ಷಗಳನ್ನು ಒಂದೇ ಮೇಜಿನ ಸುತ್ತ ಕೂರಿಸಿ, ಇಡೀ ಚರ್ಚೆಯನ್ನು ಟಿವಿಯಲ್ಲಿ ನೇರ ಪ್ರಸಾರ ಮಾಡಿದರು. ರೈಲುಗಳ ವೇಳಾಪಟ್ಟಿ, ಸುರಂಗದ ವೆಚ್ಚ, ನೆಲದ ಗುಣ, ಎಲ್ಲವೂ ಜನರ ಕಣ್ಣೆದುರಿಗೆ ಬಂತು. 2011ರ ನವೆಂಬರಿನಲ್ಲಿ ರಾಜ್ಯಾದ್ಯಂತ ನಡೆದ ಜನಮತದಲ್ಲಿ ಶೇ 59ರಷ್ಟು ಮತ ಯೋಜನೆ ಮುಂದುವರಿಯಲಿ ಎಂದಿತು. ವಿರೋಧಿಸಿದವರು ಸೋತರು. ಅವರು ಗೆದ್ದಿದ್ದರೆ ಮಾತ್ರ ಹೋರಾಟ ಸಾರ್ಥಕವೆಂದು ನಾನು ಒಪ್ಪುವುದಿಲ್ಲ. ಆ ಚರ್ಚೆ ಹದಿನೈದು ವರ್ಷ ಮೊದಲೇ ನಡೆಯಬಹುದಿತ್ತು, ಯಾರ ಕಣ್ಣೂ ಹೋಗಬೇಕಿರಲಿಲ್ಲ. 2013ರಲ್ಲಿ ಜರ್ಮನಿ ತನ್ನ ಆಡಳಿತ ಕಾನೂನನ್ನು ತಿದ್ದಿ, ದೊಡ್ಡ ಯೋಜನೆಗಳಲ್ಲಿ ಅರ್ಜಿ ಸಲ್ಲಿಸುವ ಮುನ್ನವೇ ಸಾರ್ವಜನಿಕರ ಜೊತೆ ಮಾತನಾಡುವಂತೆ ಅಧಿಕಾರಿಗಳು ಯೋಜನೆಯವರನ್ನು ಒತ್ತಾಯಿಸಬೇಕೆಂಬ ಅಂಶ ಸೇರಿಸಿತು. 1998ರ ಆರ್ಹಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದ ಪರಿಸರದ ವಿಷಯದಲ್ಲಿ ಇದನ್ನೇ ಹೇಳಿತ್ತು: ಎಲ್ಲ ಆಯ್ಕೆಗಳೂ ತೆರೆದಿರುವಾಗಲೇ ಜನರನ್ನು ಕೇಳಬೇಕು.

ಬೇಗ ಕೇಳಿದರೂ, ಯಾರನ್ನು ಎಂಬ ಪ್ರಶ್ನೆ ಉಳಿಯುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ 97 ಊರುಗಳ ಸಭಾ ನಡಾವಳಿಗಳನ್ನು ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಜಾಲಾಡಿದಾಗ, ಹೊಸ ಮನೆಗಳ ಯೋಜನೆಗಳ ಬಗ್ಗೆ ಎದ್ದುನಿಂತು ಮಾತನಾಡಿದವರಲ್ಲಿ ವಯಸ್ಸಾದವರು, ಗಂಡಸರು, ಸ್ವಂತ ಮನೆಯಿದ್ದವರು ಊರಿನಲ್ಲಿ ಅವರ ಪ್ರಮಾಣಕ್ಕಿಂತ ಹೆಚ್ಚಿದ್ದರು, ಮತ್ತು ಅವರ ಮಾತಿನಲ್ಲಿ ಹೆಚ್ಚಿನದು ವಿರೋಧ. ಬಾಡಿಗೆ ಮನೆಯವರು, ಪುಟ್ಟ ಮಕ್ಕಳಿರುವವರು, ಸಂಜೆ ಪಾಳಿಗೆ ಹೋಗುವವರು ಅಂಥ ಸಭೆಗೆ ಬರುವುದು ಕಷ್ಟ. ಹೊಸ ಕಟ್ಟಡದಲ್ಲಿ ಮುಂದೆ ವಾಸಿಸಬೇಕಾದವರಿಗಂತೂ ಇನ್ನೂ ಊರಿನ ವಿಳಾಸವೇ ಇರುವುದಿಲ್ಲ.

ಈ ಎರಡೂ ಪ್ರಶ್ನೆಗಳಿಗೆ ಒಟ್ಟಿಗೆ ಉತ್ತರ ಹುಡುಕಿದ ನಗರ ಬ್ರೆಜಿಲ್ಲಿನ ಪೋರ್ಟೊ ಅಲೆಗ್ರೆ. ಸರ್ವಾಧಿಕಾರ ಕಳೆದು ಕೆಲವೇ ವರ್ಷವಾಗಿದ್ದ 1989ರಲ್ಲಿ ಅಲ್ಲಿನ ಹೊಸ ಆಡಳಿತ, ಬಜೆಟ್ಟಿನ ಹೂಡಿಕೆ ಹಣ ಎಲ್ಲಿಗೆ ಹೋಗಬೇಕೆಂಬುದನ್ನು ಬಡಾವಣೆಗಳ ಸಭೆಗಳ ಮುಂದಿಟ್ಟಿತು. ಚರಂಡಿ ಮೊದಲೋ, ರಸ್ತೆಯೋ, ಶಾಲೆಯೋ ಎಂದು ಅಲ್ಲಿ ತೀರ್ಮಾನವಾಗುತ್ತಿತ್ತು. ಸೌಕರ್ಯ ಕಡಿಮೆ ಇದ್ದ ಪ್ರದೇಶಕ್ಕೆ ಹಂಚಿಕೆಯ ಸೂತ್ರದಲ್ಲೇ ಹೆಚ್ಚು ತೂಕ. ಬಡವರೂ ಹೆಂಗಸರೂ ದೊಡ್ಡ ಸಂಖ್ಯೆಯಲ್ಲಿ ಬಂದರು. ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ವರ್ಷದ ಮೊದಲ ಸುತ್ತಿನ ಕಾರ್ಯಕ್ರಮ: ಹೊಸ ಬೇಡಿಕೆಗೆ ಮುನ್ನ, ಹಿಂದಿನ ವರ್ಷ ಒಪ್ಪಿಕೊಂಡದ್ದರಲ್ಲಿ ಎಷ್ಟು ಆಯಿತು, ಎಷ್ಟು ಆಗಲಿಲ್ಲ, ಏಕೆ ಎಂದು ಆಡಳಿತದವರು ಜನರೆದುರು ನಿಂತು ಲೆಕ್ಕ ಒಪ್ಪಿಸಬೇಕಿತ್ತು.

ಈ ಪದ್ಧತಿ ಸಾವಿರಾರು ಊರುಗಳಿಗೆ ಹರಡಿತು. ಪೋರ್ಟೊ ಅಲೆಗ್ರೆಯಲ್ಲೇ ಕ್ರಮೇಣ ಅದಕ್ಕೆ ಸಿಗುವ ಹಣ ಕಡಿಮೆಯಾಯಿತು, ಒಪ್ಪಿಕೊಂಡ ಕೆಲಸಗಳು ಬಾಕಿ ಬಿದ್ದವು, 2017ರಲ್ಲಿ ನಗರಾಡಳಿತ ಸಭೆಗಳನ್ನು ತಡೆಹಿಡಿಯಿತು.