ಸೊರಗಿದ ಹಸು ಮನೆಯವರ ಕಣ್ಣಿಗೆ ಬೀಳುವುದಿಲ್ಲ

"ಹಾಲು ಚೆನ್ನಾಗಿ ಕೊಡುತ್ತಿದೆ ಡಾಕ್ಟರೇ, ಬೆದೆಗೆ ಮಾತ್ರ ಬಂದಿಲ್ಲ" ಎಂದರು ಹಸುವಿನ ಒಡೆಯರು. ಕರು ಹಾಕಿ ಎರಡು ತಿಂಗಳಾಗಿತ್ತು. ಬಾಲದ ಬುಡದ ಪಕ್ಕ ಕೈಯಿಟ್ಟೆ. ನಾಲ್ಕು ಬೆರಳು ಹುದುಗುವಷ್ಟು ಗುಳಿ. ದಿನಾ ನೋಡುವವರಿಗೆ ಇದು ಕಾಣದಿರುವುದು ಸಹಜ. ಮಗು ಬೆಳೆದದ್ದು ಮನೆಯವರಿಗಿಂತ ನೆಂಟರಿಗೇ ಮೊದಲು ತಿಳಿಯುತ್ತದೆ.

ಹಾಲಿನ ಹಸುವಿನ ಮೈಕಟ್ಟಿಗೆ ನಾವು 1ರಿಂದ 5ರವರೆಗೆ, ಕಾಲು ಕಾಲು ಅಂಕದ ಲೆಕ್ಕದಲ್ಲಿ ಅಂಕ ಕೊಡುತ್ತೇವೆ. 1 ಎಂದರೆ ಎಲುಬಿನ ಹಂದರ, 5 ಎಂದರೆ ಕೊಬ್ಬಿನ ಮುದ್ದೆ. ಪಕ್ಕದಲ್ಲಿ ನಿಂತು ಸೊಂಟದ ಮೂಳೆ, ತೊಡೆಯ ಕೀಲು, ಬಾಲದಡಿಯ ಮೂಳೆ ಈ ಮೂರನ್ನು ಕೂಡಿಸುವ ಗೆರೆಯನ್ನು ಗಮನಿಸಿ. ಅದು 'ವಿ' ಅಕ್ಷರದಂತೆ ಚೂಪಾಗಿದ್ದರೆ 3 ಅಥವಾ ಅದಕ್ಕಿಂತ ಕಡಿಮೆ, 'ಯು'ವಿನಂತೆ ದುಂಡಗಿದ್ದರೆ 3ಕ್ಕಿಂತ ಮೇಲೆ. ಕರು ಹಾಕುವಾಗ 3ರಿಂದ 3.5 ಇದ್ದು, ಆಮೇಲೆ ಅರ್ಧ ಅಂಕಕ್ಕಿಂತ ಹೆಚ್ಚು ಇಳಿಯದಿದ್ದರೆ ನಮಗೆ ನೆಮ್ಮದಿ. ಅದಕ್ಕೂ ಹೆಚ್ಚು ಇಳಿದರೆ ಮೈಕೊಬ್ಬು ವಿಪರೀತ ಕರಗುವಾಗ ಕಾಣುವ ಕೀಟೋಸಿಸ್ ಕಾಯಿಲೆ ಬರಬಹುದು, ಬೆದೆ ತಡವಾಗಬಹುದು.

ಈಗ ಮೈಕಟ್ಟಿಗೆ ತಾನಾಗಿಯೇ ಅಂಕ ಕೊಡುವ ಕ್ಯಾಮೆರಾ ಬಂದಿದೆ. ಈ ಇಳಿಕೆಯನ್ನು ಹಿಡಿಯುವುದೇ ಅದರ ಕೆಲಸ. ಹಾಲು ಕರೆಸಿಕೊಂಡ ಹಸುಗಳು ಒಂದೊಂದಾಗಿ ಹೊರಬರುವ ಇಕ್ಕಟ್ಟಾದ ದಾರಿಯ ಮೇಲ್ಗಡೆ, ಬೆನ್ನಿಗೆ ನೇರವಾಗಿ ಅದನ್ನು ಕೂರಿಸುತ್ತಾರೆ. ಅದು ತೆಗೆಯುವುದು ಬರೀ ಫೋಟೊವಲ್ಲ. ಅತಿಗೆಂಪು ಬೆಳಕು ಚೆಲ್ಲಿ, ಬೆನ್ನಿನ ಒಂದೊಂದು ಬಿಂದುವೂ ಎಷ್ಟು ದೂರದಲ್ಲಿದೆ ಎಂದು ಅಳೆದು, ಉಬ್ಬುತಗ್ಗಿನ ನಕ್ಷೆ ಮಾಡಿಕೊಳ್ಳುತ್ತದೆ. ಯಾವ ಹಸು ಎಂಬುದನ್ನು ಕಿವಿಯೋಲೆಯ ಚಿಪ್ ಹೇಳುತ್ತದೆ. ಒಂದು ದಿನದ ಅಂಕವನ್ನು ನಾನು ಹೆಚ್ಚು ನಂಬುವುದಿಲ್ಲ. ಹಸು ಬೆನ್ನು ಬಾಗಿಸಿ ನಡೆದರೂ ಅದು ಏರುಪೇರಾಗುತ್ತದೆ. ಹಲವು ದಿನಗಳ ಸರಾಸರಿ ಯಾವ ಕಡೆಗೆ ವಾಲುತ್ತಿದೆ ಎಂಬುದರಲ್ಲೇ ಸುದ್ದಿಯಿರುವುದು.

ಕುರಿಗೆ ಈ ಉಪಾಯ ಅಷ್ಟಾಗಿ ಒಗ್ಗುವುದಿಲ್ಲ, ಉಣ್ಣೆ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಸೊಂಟದ ಮೇಲೆ ಕೈಯಾಡಿಸಲೇಬೇಕು. ಡುಬ್ಬವಿರುವ ತಳಿಗಳ ಮೈಕಟ್ಟೇ ಬೇರೆ, ಡುಬ್ಬವಿಲ್ಲದ ಹೋಲ್‌ಸ್ಟೈನ್ ತಳಿಯ ಹಸುಗಳನ್ನು ನೋಡಿ ಕಲಿತ ಯಂತ್ರ ಅಲ್ಲಿ ತಡವರಿಸುತ್ತದೆ. ಇನ್ನು ಧೂಳು, ಜೇಡರ ಬಲೆ, ನೇರ ಬಿಸಿಲು. ಒಂದು ಕಡೆ ವಾರದಿಂದ ಅಂಕವೇ ಬರುತ್ತಿರಲಿಲ್ಲ, ಲೆನ್ಸ್ ಒರೆಸಿದ ಮೇಲೆ ಬಂತು.

ನನ್ನನ್ನು ಹೆಚ್ಚು ಕಾಡುವುದು ಬೇರೆಯೇ ದೋಷ. ಕಲಿಯುವಾಗ ಯಂತ್ರಕ್ಕೆ ಸಿಕ್ಕಿದ್ದು ಬಹುಪಾಲು ಮಧ್ಯಮ ಮೈಕಟ್ಟಿನ ಹಸುಗಳು. ಹಾಗಾಗಿ ತೀರಾ ಬಡಕಲನ್ನೂ ತೀರಾ ಕೊಬ್ಬಿದ್ದನ್ನೂ ಅದು ನಡುವಿಗೆ ಎಳೆಯುತ್ತದೆ. ನಾವು ಹುಡುಕುವುದೇ ಅಂಥ ಹಸುಗಳನ್ನು! ಮೊನ್ನೆ ಕ್ಯಾಮೆರಾ 2.25 ಎಂದ ಹಸುವಿಗೆ ನನ್ನ ಕೈ 1.75 ಎಂದಿತು. ಅಂಕವೇನೋ ತಪ್ಪಿತ್ತು, ಆದರೆ ಮೂರು ವಾರಗಳ ಗೆರೆ ಸರಿಯಾಗಿಯೇ ಕೆಳಗಿಳಿದಿತ್ತು. ಹಿಂಗಾಲು ಎತ್ತಿಸಿ ಗೊರಸು ಕೆರೆದೆ, ಅಡಿಯಲ್ಲಿ ಹುಣ್ಣು. ಕುಂಟುತ್ತ ಅದು ಮೇವಿನ ತೊಟ್ಟಿ ತಲುಪುವಷ್ಟರಲ್ಲಿ ಉಳಿದವು ಒಳ್ಳೆಯದನ್ನೆಲ್ಲ ಆರಿಸಿ ತಿಂದು ಮುಗಿಸಿರುತ್ತಿದ್ದವು.