ಒಂದೇ ಉತ್ತರವಿರುವ ಪ್ರಶ್ನೆ: ಶಾಲಾ ಕ್ವಿಜ್ ರೂಪಿಸುವವರ ಗಮನಕ್ಕೆ

ಕರ್ನಾಟಕದ ಮೊದಲ ಮುಖ್ಯಮಂತ್ರಿ ಯಾರು ಎಂಬ ಪ್ರಶ್ನೆಯನ್ನು ಶಾಲಾ ಮಟ್ಟದ ಯಾವ ಕ್ವಿಜ್ ಸ್ಪರ್ಧೆಯಲ್ಲಿ ಕೇಳಿದರೂ ಸಭೆಯಲ್ಲಿ ಗುಸುಗುಸು ಏಳುತ್ತದೆ. 1947ರ ಅಕ್ಟೋಬರ್‌ನಲ್ಲಿ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರ ರಚನೆಯಾದಾಗ ಅದರ ಮುಖ್ಯಸ್ಥರಾಗಿ ಅಧಿಕಾರ ವಹಿಸಿಕೊಂಡವರು ಕೆ.ಸಿ. ರೆಡ್ಡಿ. 1952ರ ಮೊದಲ ಸಾರ್ವತ್ರಿಕ ಚುನಾವಣೆಯ ನಂತರ ಆ ಸ್ಥಾನಕ್ಕೆ ಬಂದವರು ಕೆಂಗಲ್ ಹನುಮಂತಯ್ಯ. ಹರಿದು ಹಂಚಿಹೋಗಿದ್ದ ಕನ್ನಡ ಪ್ರದೇಶಗಳು 1956ರ ನವೆಂಬರ್ 1ರಂದು ಒಂದಾದಾಗ ವಿಶಾಲ ಮೈಸೂರು ರಾಜ್ಯದ ಮುಖ್ಯಮಂತ್ರಿಯಾದವರು ಎಸ್. ನಿಜಲಿಂಗಪ್ಪ. ಆ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು, ಡಿ. ದೇವರಾಜ ಅರಸು ಅವರ ಕಾಲದಲ್ಲಿ. ಈ ನಾಲ್ವರಲ್ಲಿ ಯಾರ ಹೆಸರು ಹೇಳಿದ ವಿದ್ಯಾರ್ಥಿಯೂ ತಪ್ಪು ಹೇಳಿದಂತಾಗುವುದಿಲ್ಲ. ತಪ್ಪು ಇರುವುದು ಪ್ರಶ್ನೆಯಲ್ಲಿ. ಆದರೂ ಕ್ವಿಜ್ ಮಾಸ್ಟರ್ ಕೈಯಲ್ಲಿರುವ ಹಾಳೆಯಲ್ಲಿ ಒಂದೇ ಹೆಸರು ಅಚ್ಚಾಗಿರುವುದರಿಂದ ಉಳಿದ ಮೂರು ಹೆಸರು ಹೇಳಿದ ಮಕ್ಕಳು ಅಂಕ ಕಳೆದುಕೊಂಡು ಕೂರಬೇಕಾಗುತ್ತದೆ.

ತಾಲ್ಲೂಕು ಮತ್ತು ಜಿಲ್ಲಾ ಮಟ್ಟದ ಸ್ಪರ್ಧೆಗಳಿಗೆ ಪ್ರಶ್ನೆ ತಯಾರಿಸುವ ಕೆಲಸದಲ್ಲಿ ನಾನು ಗಮನಿಸಿರುವಂತೆ, ಇಂತಹ ಗೊಂದಲ ಹುಟ್ಟುವುದು ಬಹುತೇಕ ಸುಲಭವೆಂದು ಭಾವಿಸಿ ಕೊನೆಗಳಿಗೆಯಲ್ಲಿ ಸೇರಿಸಿದ ಪ್ರಶ್ನೆಗಳಿಂದಲೇ. ಕಠಿಣ ಪ್ರಶ್ನೆಯನ್ನು ರೂಪಿಸುವವರು ನಾಲ್ಕು ಕಡೆ ಪರಿಶೀಲಿಸುತ್ತಾರೆ. ಸುಲಭದ್ದನ್ನು ಮಾತ್ರ ಎಲ್ಲರಿಗೂ ಗೊತ್ತಿರುವುದೆಂಬ ಧೈರ್ಯದಲ್ಲಿ ಹಾಗೆಯೇ ಬರೆದುಬಿಡುತ್ತಾರೆ. ಮೇಲಿನ ಪ್ರಶ್ನೆಯನ್ನು ‘1973ರಲ್ಲಿ ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಟ್ಟಾಗ ಮುಖ್ಯಮಂತ್ರಿಯಾಗಿದ್ದವರು ಯಾರು?’ ಎಂದು ಕೇಳಿದರೆ ಉತ್ತರ ಒಂದೇ ಉಳಿಯುತ್ತದೆ. ಪ್ರಶ್ನೆ ಸ್ವಲ್ಪ ಉದ್ದವಾಯಿತು ನಿಜ, ಆದರೆ ಆ ಉದ್ದವೇ ಅದರ ಬೇಲಿ.

ಮೊದಲನೆಯದು, ಅತಿ ಎತ್ತರದ್ದು, ಅತಿ ದೊಡ್ಡದು ಎಂದು ಕೇಳುವ ಪ್ರತಿಯೊಂದು ಪ್ರಶ್ನೆಗೂ ಇಂತಹ ಬೇಲಿ ಬೇಕು. ಜೋಗ ಜಲಪಾತ ಭಾರತದಲ್ಲೇ ಅತಿ ಎತ್ತರದ್ದು ಎಂದು ಹೇಳುವ ಸಾಮಾನ್ಯ ಜ್ಞಾನದ ಕೈಪಿಡಿಗಳು ಇಂದಿಗೂ ಮಾರಾಟವಾಗುತ್ತಿವೆ. ಶರಾವತಿ ಜೋಗದಲ್ಲಿ ಧುಮುಕುವುದು ಸುಮಾರು 253 ಮೀಟರ್. ಅದೇ ಶಿವಮೊಗ್ಗ ಜಿಲ್ಲೆಯಲ್ಲಿ ವಾರಾಹಿ ನದಿಯ ಕುಂಚಿಕಲ್ ಜಲಪಾತವು ಬಂಡೆಯಿಂದ ಬಂಡೆಗೆ ಹಂತಹಂತವಾಗಿ ಇಳಿಯುವ ಒಟ್ಟು ಎತ್ತರ 455 ಮೀಟರ್ ಎಂದು ಅನೇಕ ಪಟ್ಟಿಗಳಲ್ಲಿ ದಾಖಲಾಗಿದೆ. ಎಲ್ಲಿಯೂ ತಡೆಯಿಲ್ಲದೆ ನೇರವಾಗಿ ಬೀಳುವ ಜಲಪಾತಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡರೂ ಮೇಘಾಲಯದ ನೋಹ್‌ಕಲಿಕಾಯ್ ಜೋಗವನ್ನು ಮೀರುತ್ತದೆ. ಹಾಗೆಂದು ಜೋಗವನ್ನು ಕ್ವಿಜ್‌ನಿಂದ ಕೈಬಿಡಬೇಕೆಂದಲ್ಲ. ಅದರ ನಾಲ್ಕು ಕವಲುಗಳಾದ ರಾಜ, ರಾಣಿ, ರೋರರ್, ರಾಕೆಟ್‌ಗಳ ಬಗ್ಗೆ, ಮಳೆಗಾಲದ ನಂತರವೂ ಅಲ್ಲಿ ನೀರು ಏಕೆ ಕಡಿಮೆ ಎಂಬುದರ ಬಗ್ಗೆ, ಮೇಲ್ಭಾಗದ ಲಿಂಗನಮಕ್ಕಿ ಅಣೆಕಟ್ಟೆಯ ಬಗ್ಗೆ ಕೇಳಲು ಬೇಕಾದಷ್ಟಿದೆ. ವಿಜಯಪುರದ ಗೋಳಗುಮ್ಮಟವನ್ನು ವಿಶ್ವದ ಎರಡನೆಯ ಅತಿ ದೊಡ್ಡ ಗುಮ್ಮಟವೆಂದು ಕಲಿಸುವುದೂ ಇದೇ ಜಾತಿಯ ಮಾತು. ಉಕ್ಕು ಮತ್ತು ಕಾಂಕ್ರೀಟು ಬಳಸಿ ಕಳೆದ ಶತಮಾನದಿಂದೀಚೆಗೆ ಕಟ್ಟಿದ ಕ್ರೀಡಾಂಗಣಗಳ ಗುಮ್ಮಟಗಳು ಅದಕ್ಕಿಂತ ಎಷ್ಟೋ ದೊಡ್ಡವು. 17ನೆಯ ಶತಮಾನದಲ್ಲಿ ಮಹಮ್ಮದ್ ಆದಿಲ್ ಶಾಹನ ಸಮಾಧಿಯ ಮೇಲೆ, ನಡುವೆ ಒಂದೂ ಕಂಬವಿಲ್ಲದೆ ಅದನ್ನು ನಿಲ್ಲಿಸಿದ ಬಗೆಯೇ ಕೇಳಲು ಯೋಗ್ಯವಾದ ವಿಷಯ.

ಏಷ್ಯಾದಲ್ಲೇ ಮೊದಲು ಎಂಬ ಪಟ್ಟಿಯನ್ನಂತೂ ನಾನು ಅನುಮಾನದಿಂದಲೇ ನೋಡುತ್ತೇನೆ, ಅದರಲ್ಲೂ ನಮ್ಮ ರಾಜ್ಯಕ್ಕೆ ಸಂಬಂಧಿಸಿದ್ದಾದರೆ ಇನ್ನಷ್ಟು. ಅಭಿಮಾನದಿಂದ ಬರೆದ ಸಾಲು ಪರಿಶೀಲನೆ ತಪ್ಪಿಸಿಕೊಳ್ಳುವುದು ಸುಲಭ. ಶಿವನಸಮುದ್ರದ ಜಲವಿದ್ಯುತ್ ಕೇಂದ್ರವನ್ನು ಏಷ್ಯಾದ ಮೊದಲನೆಯದೆಂದು ಅನೇಕ ಕಡೆ ಬರೆಯಲಾಗಿದೆ. ಅದು ಕೆಲಸ ಆರಂಭಿಸಿದ್ದು 1902ರಲ್ಲಿ. ಡಾರ್ಜಿಲಿಂಗ್ ಬಳಿಯ ಸಿದ್ರಾಪಾಂಗ್‌ನಲ್ಲಿ 1897ರಲ್ಲಿಯೇ ಸಣ್ಣದೊಂದು ಜಲವಿದ್ಯುತ್ ಕೇಂದ್ರ ಶುರುವಾಗಿತ್ತು. ಜಪಾನಿನ ಕ್ಯೋಟೋ ನಗರದ ಕೆಯಾಗೆ ಕೇಂದ್ರ 1891ರಷ್ಟು ಹಿಂದಿನದು. ಈ ಎರಡು ವರ್ಷಗಳನ್ನು ಮುಂದಿಟ್ಟುಕೊಂಡರೆ ಶಿವನಸಮುದ್ರದ ‘ಮೊದಲ’ ಪಟ್ಟ ಉಳಿಯುವುದಿಲ್ಲ.

ಆದರೆ ಶಿವನಸಮುದ್ರದ ನಿಜವಾದ ಕತೆ ಆ ಪಟ್ಟಕ್ಕಿಂತ ಎಷ್ಟೋ ಚೆನ್ನಾಗಿದೆ. ಒಳ್ಳೆಯ ಪ್ರಶ್ನೆ ಹೇಗಿರಬೇಕೆಂಬುದಕ್ಕೆ ನಾನು ಸಾಮಾನ್ಯವಾಗಿ ಕೊಡುವ ಉದಾಹರಣೆಯೂ ಅದೇ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಈ ಯೋಜನೆಯ ವಿದ್ಯುತ್ತು ಮೊದಲು ಹೋದದ್ದು ಹತ್ತಿರದ ಮೈಸೂರಿಗೂ ಅಲ್ಲ, ಬೆಂಗಳೂರಿಗೂ ಅಲ್ಲ. ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದ್ದು ಆಮೇಲೆ, 1905ರಲ್ಲಿ. ಇದನ್ನು ಪ್ರಶ್ನೆಯಾಗಿ ಹೀಗೆ ಕೇಳಬಹುದು: ‘1902ರಲ್ಲಿ ಶಿವನಸಮುದ್ರದಲ್ಲಿ ಉತ್ಪಾದನೆಯಾದ ವಿದ್ಯುತ್ತನ್ನು ಮೈಸೂರು, ಬೆಂಗಳೂರುಗಳಿಗಿಂತ ಮೊದಲು ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಒಂದು ಸ್ಥಳಕ್ಕೆ ಸಾಗಿಸಲಾಯಿತು. ಆಗ ಬ್ರಿಟಿಷ್ ಕಂಪನಿಯೊಂದು ಅಲ್ಲಿ ದೊಡ್ಡ ಯಂತ್ರಗಳನ್ನು ನಡೆಸುತ್ತಿತ್ತು. ಆ ಸ್ಥಳ ಯಾವುದು?’ ಉತ್ತರ ಬಾಯಿಪಾಠವಿಲ್ಲದ ಹುಡುಗಿಯೂ ಯೋಚಿಸಲು ಇಲ್ಲಿ ದಾರಿಯಿದೆ. ಆ ಕಾಲದಲ್ಲಿ ಅಷ್ಟು ದೂರ ತಂತಿ ಎಳೆಯಬೇಕಾದರೆ ಖರ್ಚು ಹುಟ್ಟುವಂಥ ವ್ಯವಹಾರವೇ ಅಲ್ಲಿರಬೇಕು. ದೊಡ್ಡ ಯಂತ್ರ ಬೇಕಾಗುವುದು ಆಳಕ್ಕೆ ಇಳಿಯಲು, ನೀರು ಮೇಲೆತ್ತಲು, ಅದಿರು ಪುಡಿ ಮಾಡಲು. ಹಳೆಯ ಮೈಸೂರು ಸೀಮೆಯಲ್ಲಿ ಅಂಥದ್ದಿದ್ದ ಊರು ಯಾವುದು? ತಂಡದ ಇಬ್ಬರು ತಲೆಗೆ ತಲೆ ತಾಗಿಸಿ ಪಿಸುಗುಟ್ಟುತ್ತಾ ಗಣಿಯವರೆಗೆ ಬಂದು ನಿಲ್ಲುವುದನ್ನು ವೇದಿಕೆಯ ಮೇಲಿಂದ ನೋಡುವುದು, ಗುಂಡಿ ಒತ್ತಿ ಇಸವಿಯೊಂದನ್ನು ಒದರುವುದನ್ನು ಕೇಳುವುದಕ್ಕಿಂತ ನನಗೆ ಹೆಚ್ಚು ಇಷ್ಟ.

ಇದೇ ಬಗೆಯ ಇನ್ನೊಂದು ಪ್ರಶ್ನೆ ಹೊಯ್ಸಳ ದೇವಾಲಯಗಳದ್ದು. ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ಒಂದೇ ನಮೂದಾಗಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಎಲ್ಲ ಕ್ವಿಜ್‌ಗಳಲ್ಲೂ ಆ ಇಸವಿಯನ್ನೇ ಕೇಳಲಾಗುತ್ತಿದೆ. ಅದರ ಬದಲು ‘ಸೋಮನಾಥಪುರದ ಆ ಪ್ರಸಿದ್ಧ ದೇವಾಲಯ ಶಿವನದೋ ವಿಷ್ಣುವಿನದೋ?’ ಎಂದು ಕೇಳಿ ನೋಡಿ. ಊರಿನ ಹೆಸರು ಕೇಳಿದವರು ಶಿವನೆನ್ನುತ್ತಾರೆ. ಅಲ್ಲಿರುವುದು ಕೇಶವ ದೇವಾಲಯ. ಊರಿಗೆ ಹೆಸರು ಬಂದದ್ದು ಅದನ್ನು ಕಟ್ಟಿಸಿದ, ಮೂರನೆಯ ನರಸಿಂಹನ ದಂಡನಾಯಕ ಸೋಮನಾಥನಿಂದ. ಒಂದು ತಪ್ಪು ಉತ್ತರದಿಂದ ಇಷ್ಟು ವಿಷಯ ತಿಳಿಯುವುದಾದರೆ ಆ ಪ್ರಶ್ನೆ ವೇದಿಕೆಗೆ ಯೋಗ್ಯವಾದದ್ದು. ಎರಡೇ ಆಯ್ಕೆಗಳಿರುವುದರಿಂದ ಊಹೆಗೂ ಅವಕಾಶವಿದೆಯಲ್ಲ ಎಂದು ಆಕ್ಷೇಪಿಸುವವರಿದ್ದಾರೆ. ಕಾರಣವನ್ನೂ ಕೇಳಿ ಅದಕ್ಕೆ ಅರ್ಧ ಅಂಕ ಮೀಸಲಿಟ್ಟರೆ ಆ ತೊಡಕು ತೀರುತ್ತದೆ.

ಕೆಲವು ಉತ್ತರಗಳು ಬರೆದಾಗ ಸರಿಯಾಗಿದ್ದು, ಸ್ಪರ್ಧೆಯ ದಿನದ ಹೊತ್ತಿಗೆ ಹಳಸಿರುತ್ತವೆ. ಅತಿ ಹೆಚ್ಚು ಉಪಗ್ರಹಗಳಿರುವ ಗ್ರಹ ಯಾವುದು ಎಂಬುದಕ್ಕೆ ಬಹುಕಾಲ ಗುರು ಎಂದು ಉತ್ತರವಿತ್ತು. 2019ರಲ್ಲಿ ಶನಿ ಮುಂದೆ ಬಂತು, 2023ರ ಆರಂಭದಲ್ಲಿ ಗುರು ಮತ್ತೆ ಮೇಲೇರಿತು, ಅದೇ ವರ್ಷ ಮೇ ತಿಂಗಳ ಹೊತ್ತಿಗೆ ಶನಿ ಪುನಃ ಹಿಂದಿಕ್ಕಿತು. 2025ರ ಮಾರ್ಚ್‌ನಲ್ಲಿ ಒಮ್ಮೆಗೇ 128 ಹೊಸ ಉಪಗ್ರಹಗಳಿಗೆ ಮಾನ್ಯತೆ ಸಿಕ್ಕಿ ಶನಿಯ ಲೆಕ್ಕ 274ಕ್ಕೆ ಏರಿತು. ಕರ್ನಾಟಕದ ಜಿಲ್ಲೆಗಳ ಸಂಖ್ಯೆ 30 ಎಂದು ಅಚ್ಚಾದ ಪುಸ್ತಕಗಳು, 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ಹೊಸಪೇಟೆ ಕೇಂದ್ರವಾಗಿ ವಿಜಯನಗರ ಜಿಲ್ಲೆ ರಚನೆಯಾದ ಮೇಲೆಯೂ ಗ್ರಂಥಾಲಯದ ಕಪಾಟಿನಲ್ಲಿಯೇ ಇವೆ. ಹುಲಿಗಳ ವಿಷಯದಲ್ಲಿ 2014ರ ಗಣತಿಯಲ್ಲಿ 406 ಹುಲಿಗಳೊಂದಿಗೆ ಕರ್ನಾಟಕ ದೇಶದಲ್ಲೇ ಮುಂದಿತ್ತು. 2018ರಲ್ಲಿ 524 ಇದ್ದರೂ ಮಧ್ಯಪ್ರದೇಶ 526ರೊಂದಿಗೆ ಕೇವಲ ಎರಡು ಹುಲಿಗಳ ಅಂತರದಲ್ಲಿ ಮುಂದೆ ಹೋಯಿತು. 2022ರಲ್ಲಿ ಆ ರಾಜ್ಯದ ಸಂಖ್ಯೆ 785ಕ್ಕೆ ಏರಿ ಅಂತರ ದೊಡ್ಡದಾಯಿತು. ಇಂತಹ ವಿಷಯವನ್ನು ಕೇಳುವಾಗ ಗಣತಿಯ ವರ್ಷವನ್ನು ಪ್ರಶ್ನೆಯೊಳಗೇ ಸೇರಿಸಬೇಕು. ಪ್ರಶ್ನೆಯ ಹಾಳೆಯಲ್ಲಿ ಪ್ರತಿ ಉತ್ತರದ ಮುಂದೆ ಅದನ್ನು ಪರಿಶೀಲಿಸಿದ ತಿಂಗಳನ್ನೂ ಬರೆದಿಟ್ಟುಕೊಳ್ಳುವ ಅಭ್ಯಾಸ ನನ್ನದು.

ಪ್ರಶಸ್ತಿಗಳಲ್ಲಿ ವರ್ಷದ ತೊಡಕು ಬೇರೆ ರೀತಿಯದು. ಚಂದ್ರಶೇಖರ ಕಂಬಾರರಿಗೆ ಸಂದದ್ದು 2010ನೇ ಸಾಲಿನ ಜ್ಞಾನಪೀಠ, ಪ್ರಕಟವಾದದ್ದು 2011ರಲ್ಲಿ. ಎರಡರಲ್ಲಿ ಯಾವುದನ್ನು ಹೇಳಿದರೂ ಒಪ್ಪಬೇಕು, ಇಲ್ಲವೇ ‘ಯಾವ ಸಾಲಿನ’ ಎಂದು ಸ್ಪಷ್ಟವಾಗಿ ಕೇಳಬೇಕು. ಕನ್ನಡಕ್ಕೆ ಸಂದ ಎಂಟು ಜ್ಞಾನಪೀಠಗಳ ಬಗ್ಗೆ ಕೇಳುವಾಗ, 1967ನೇ ಸಾಲಿನದನ್ನು ಕುವೆಂಪು ಅವರು ಗುಜರಾತಿಯ ಉಮಾಶಂಕರ ಜೋಶಿಯವರೊಂದಿಗೂ 1973ರದನ್ನು ಬೇಂದ್ರೆಯವರು ಒಡಿಯಾದ ಗೋಪಿನಾಥ ಮೊಹಾಂತಿಯವರೊಂದಿಗೂ ಹಂಚಿಕೊಂಡದ್ದು ಒಳ್ಳೆಯ ಎರಡನೆಯ ಸುತ್ತಿನ ಪ್ರಶ್ನೆಯಾಗುತ್ತದೆ. ಬಹು ಆಯ್ಕೆಯ ಪ್ರಶ್ನೆಯಲ್ಲಿ ತಪ್ಪು ಉತ್ತರಗಳನ್ನು ಆರಿಸುವುದೂ ಒಂದು ಕೆಲಸವೇ. ‘ಇವರಲ್ಲಿ ಜ್ಞಾನಪೀಠ ಪಡೆಯದ ಲೇಖಕರು ಯಾರು?’ ಎಂಬುದಕ್ಕೆ ವಿ.ಕೃ. ಗೋಕಾಕ, ಗಿರೀಶ ಕಾರ್ನಾಡ, ಯು.ಆರ್. ಅನಂತಮೂರ್ತಿಯವರ ಜತೆಗೆ ಎಸ್.ಎಲ್. ಭೈರಪ್ಪನವರ ಹೆಸರಿಟ್ಟರೆ ಮಕ್ಕಳು ಯೋಚಿಸುತ್ತಾರೆ. ಅಲ್ಲಿ ಒಬ್ಬ ಕ್ರಿಕೆಟಿಗನ ಹೆಸರಿಟ್ಟರೆ ನಗುತ್ತಾರೆ.

ಪಠ್ಯಪುಸ್ತಕಕ್ಕೂ ಹೊಸ ಸಂಶೋಧನೆಗೂ ವ್ಯತ್ಯಾಸವಿದ್ದಾಗ ಏನು ಮಾಡಬೇಕೆಂದು ಶಿಕ್ಷಕರು ಆಗಾಗ ಕೇಳುತ್ತಾರೆ. ಕನ್ನಡದ ಅತ್ಯಂತ ಹಳೆಯ ಶಾಸನವೆಂದು ನಾವೆಲ್ಲ ಓದಿದ್ದು ಬೇಲೂರು ತಾಲ್ಲೂಕಿನ ಹಲ್ಮಿಡಿಯದನ್ನು. ಅದರ ಕಾಲ ಕ್ರಿ.ಶ. 450ರ ಸುಮಾರು. ಶಿವಮೊಗ್ಗ ಜಿಲ್ಲೆಯ ತಾಳಗುಂದದಲ್ಲಿ ಉತ್ಖನನದಿಂದ ದೊರೆತ ಸಿಂಹಕಟಾಂಜನ ಶಾಸನವನ್ನು ಪುರಾತತ್ವ ಇಲಾಖೆ ಕ್ರಿ.ಶ. 370ರ ಸುಮಾರಿನದೆಂದು ಗುರುತಿಸಿದೆ. ಹಲ್ಮಿಡಿ ಎಂದ ಮಗು ಪುಸ್ತಕದ ಪ್ರಕಾರ ಸರಿ, ತಾಳಗುಂದ ಎಂದ ಮಗು ಪತ್ರಿಕೆ ಓದಿಕೊಂಡು ಬಂದಿರುತ್ತದೆ. ಇಬ್ಬರಲ್ಲಿ ಒಬ್ಬರಿಗೆ ಅಂಕ ಕೊಟ್ಟು ಇನ್ನೊಬ್ಬರನ್ನು ಕೂರಿಸುವುದು ನ್ಯಾಯವಲ್ಲ. ನನ್ನ ಮಟ್ಟಿಗೆ, ಪ್ರಶ್ನೆಯನ್ನೇ ತಿರುಗಿಸಿ ಈ ಎರಡೂ ಶಾಸನಗಳು ಯಾವ ರಾಜವಂಶದ ಕಾಲದವು ಎಂದು ಕೇಳಿ ಕದಂಬರೆಂಬ ಉತ್ತರ ಪಡೆಯುವುದು ಉತ್ತಮ. ಭಾರತದ ರಾಷ್ಟ್ರೀಯ ಕ್ರೀಡೆ ಯಾವುದು ಎಂಬ ಪ್ರಶ್ನೆಯನ್ನಾದರೋ ಪೂರ್ತಿ ಕೈಬಿಡಬೇಕು. ಯಾವ ಕ್ರೀಡೆಯನ್ನೂ ಹಾಗೆ ಅಧಿಕೃತವಾಗಿ ಘೋಷಿಸಿಲ್ಲವೆಂದು ಮಾಹಿತಿ ಹಕ್ಕಿನಡಿ ಬಂದ ಅರ್ಜಿಗೆ ಕೇಂದ್ರ ಕ್ರೀಡಾ ಸಚಿವಾಲಯವೇ 2012ರಲ್ಲಿ ಉತ್ತರಿಸಿದ್ದರೂ, ಹಾಕಿ ಎಂಬ ಉತ್ತರ ಕೈಪಿಡಿಯಿಂದ ಕೈಪಿಡಿಗೆ ನಕಲಾಗುತ್ತಲೇ ಇದೆ.

ಉತ್ತರವನ್ನು ಒಪ್ಪುವ ನಿಯಮಗಳನ್ನು ಸ್ಪರ್ಧೆಗೆ ಮೊದಲೇ ಬರೆದಿಡುವುದು ಒಳ್ಳೆಯದು. ಕುವೆಂಪು ಎಂದರೂ ಕೆ.ವಿ. ಪುಟ್ಟಪ್ಪ ಎಂದರೂ ಒಂದೇ. ಕನ್ನಡ ಮಾಧ್ಯಮದ ವಿದ್ಯಾರ್ಥಿ ದ್ಯುತಿಸಂಶ್ಲೇಷಣೆ ಎಂದಾಗಲೂ ಇಂಗ್ಲಿಷ್ ಮಾಧ್ಯಮದವನು ಫೋಟೋಸಿಂಥೆಸಿಸ್ ಎಂದಾಗಲೂ ತೀರ್ಪುಗಾರರು ಪರಸ್ಪರ ಮುಖ ನೋಡಿಕೊಳ್ಳುವಂತಾಗಬಾರದು. 2014ರ ನವೆಂಬರ್ 1ರಿಂದ ಹನ್ನೆರಡು ನಗರಗಳ ಹೆಸರು ಬದಲಾಗಿದ್ದರೂ ಗುಲ್ಬರ್ಗ ಎಂದ ಮಗುವಿಗೆ ಕಲಬುರಗಿಯ ಅಂಕ ಸಿಗಬೇಕು. ಒಂದು ತಂಡ ಉತ್ತರಿಸದಿದ್ದರೆ ಪಕ್ಕದ ತಂಡಕ್ಕೆ ಪಾಸ್ ಆಗುವ ಪ್ರಶ್ನೆಗಳ ಸುತ್ತಿನಲ್ಲಿ ದುರ್ಬಲ ತಂಡದ ಪಕ್ಕದಲ್ಲಿ ಕುಳಿತವರಿಗೆ ಸಿಗುವ ಲಾಭವನ್ನು ತಗ್ಗಿಸಲು ಅರ್ಧ ಸುತ್ತು ಮುಗಿದ ಮೇಲೆ ದಿಕ್ಕನ್ನು ಹಿಂದುಮುಂದು ಮಾಡಬೇಕು. ಬಹುಮಾನವಾಗಿ ಪುಸ್ತಕ ಕೊಡುವ ಪದ್ಧತಿಯನ್ನು ದೂರದರ್ಶನ ಚಂದನದ ‘ಥಟ್ ಅಂತ ಹೇಳಿ’ ಎಂದೋ ಮನೆಮನೆಗೆ ಪರಿಚಯಿಸಿರುವಾಗ ಶಾಲೆಗಳು ಇನ್ನೂ ಪ್ಲಾಸ್ಟಿಕ್ ಫಲಕಗಳಿಗೇ ಅಂಟಿಕೊಂಡಿರುವುದು ಏಕೆಂದು ನನಗೆ ಅರ್ಥವಾಗಿಲ್ಲ.

ಕೊನೆಯದಾಗಿ ಟೈ ಬ್ರೇಕರ್. ಎರಡು ತಂಡಗಳ ಅಂಕ ಸಮವಾದಾಗ ಬಝರ್ ಒತ್ತಿಸುವುದಕ್ಕಿಂತ, ಸಂಖ್ಯೆಯೇ ಉತ್ತರವಾಗಿರುವ ಒಂದು ಪ್ರಶ್ನೆಯನ್ನು ಓದಿ ಎರಡೂ ತಂಡಗಳು ಚೀಟಿಯಲ್ಲಿ ಬರೆದು ಒಪ್ಪಿಸುವಂತೆ ಮಾಡಿ, ಸಮೀಪದ ಸಂಖ್ಯೆಗೆ ಗೆಲುವು ಕೊಡುವುದು ಹೆಚ್ಚು ಶಾಂತವಾದ ವಿಧಾನ. ಎಲ್ಲರ ಬಾಯಲ್ಲೂ ಇರುವ ಸಂಖ್ಯೆಯೂ ಆಗಬಾರದು, ಆಕರದಿಂದ ಆಕರಕ್ಕೆ ಬದಲಾಗುವ ಸಂಖ್ಯೆಯೂ ಆಗಬಾರದು. ಬೆಟ್ಟಗಳ ಎತ್ತರ, ನದಿಗಳ ಉದ್ದಗಳು ಈ ಎರಡನೆಯ ಕಾರಣಕ್ಕೆ ಇಲ್ಲಿ ಉಪಯೋಗಕ್ಕೆ ಬಾರವು. 2022ರ ಗಣತಿಯ ಪ್ರಕಾರ ಕರ್ನಾಟಕದಲ್ಲಿದ್ದ ಹುಲಿಗಳೆಷ್ಟು ಎಂದು ಕೇಳಿದರೆ 563 ಎಂಬ ಒಂದೇ ಅಧಿಕೃತ ಸಂಖ್ಯೆ ಕೈಯಲ್ಲಿರುತ್ತದೆ. ಒಂದು ತಂಡ 553 ಎಂದೂ ಇನ್ನೊಂದು 573 ಎಂದೂ ಬರೆದರೆ ಮತ್ತೆ ಸಮವೇ ಆಗುವುದರಿಂದ, ಇಂತಹ ಪ್ರಶ್ನೆಗಳು ಎರಡಾದರೂ ಮುಚ್ಚಿದ ಲಕೋಟೆಯಲ್ಲಿರಲಿ.