ಚೆನ್ನಮ್ಮ ಅನ್ನೋ ಹೆಸರು ಕಿತ್ತೂರಿನ ರಾಣಿಯಿಂದ ಬಂತಾ?

ಪ್ರಶ್ನೆ: ಮಗಳಿಗೆ ನಮ್ಮ ಅಜ್ಜಿಯ ಹೆಸರು ಚೆನ್ನಮ್ಮ ಅಂತಲೇ ಇಡಬೇಕು ಅಂದುಕೊಂಡಿದ್ದೇವೆ. ಇದರ ಅರ್ಥ ಏನು? ಕಿತ್ತೂರು ರಾಣಿಯಿಂದ ಬಂದ ಹೆಸರಾ?

ಉತ್ತರ: ಮೊದಲು ಒಂದು ಮಾತು, ಖಂಡಿತ ಇಡಿ. ತುಂಬಾ ಒಳ್ಳೆಯ ಹೆಸರು.

ಇದು ರಾಣಿಯಿಂದ ಬಂದದ್ದಲ್ಲ, ಅವರಿಗಿಂತ ಬಹಳ ಹಳೆಯದು. ‘ಚೆನ್ನ’ ಅಂದರೆ ಚೆಲುವು, ಸೊಗಸು, ಒಳ್ಳೆಯದು. ‘ಚೆನ್ನಾಗಿದ್ದೀರಾ?’ ಅಂತ ದಿನಾ ಕೇಳುತ್ತೇವಲ್ವಾ, ಅದೇ ಮಾತು. ‘ಅಮ್ಮ’ ಇಲ್ಲಿ ತಾಯಿ ಅಂತಲ್ಲ, ಗೌರವಕ್ಕೆ ಸೇರಿಸಿದ್ದು. ಉತ್ತರ ಕರ್ನಾಟಕದ ಮನೆಗಳಲ್ಲಿ ಇದೇ ಹೆಸರು ಚೆನ್ನವ್ವ ಆಗುತ್ತದೆ.

ನಮ್ಮವರು ದೇವರನ್ನೂ ಇದೇ ಮಾತಿನಿಂದ ಕರೆದರು. ಬೇಲೂರಿನ ವಿಷ್ಣು ಚೆನ್ನಕೇಶವ. 12ನೇ ಶತಮಾನದ ಅಕ್ಕಮಹಾದೇವಿ ತನ್ನ ವಚನಗಳ ಅಂಕಿತದಲ್ಲಿ ಶಿವನನ್ನು ಚೆನ್ನಮಲ್ಲಿಕಾರ್ಜುನ ಎಂದಳು. ಅದೇ ಕಾಲದ ಶರಣರಲ್ಲಿ ಚೆನ್ನಬಸವಣ್ಣ ಇದ್ದಾರೆ. ಗಂಡಿಗೂ ಹೆಣ್ಣಿಗೂ ದೇವರಿಗೂ ಸಲ್ಲುವ ಮಾತು ಇದು. ತುಳುನಾಡಿನ ಕೋಟಿ-ಚೆನ್ನಯರನ್ನು ನೆನೆಸಿಕೊಳ್ಳಿ.

ಅರ್ಥ ಇಷ್ಟು ಮೃದು. ಆದರೆ ಈ ಹೆಸರಿನ ಹೆಂಗಸರು ನಮ್ಮ ಇತಿಹಾಸದಲ್ಲಿ ಮಾಡಿದ್ದನ್ನು ನೋಡಿದರೆ ಎದೆ ತುಂಬಿ ಬರುತ್ತದೆ. 16ನೇ ಶತಮಾನದಲ್ಲಿ ಗೇರುಸೊಪ್ಪೆಯನ್ನು ಆಳಿದವಳು ಚೆನ್ನಭೈರಾದೇವಿ. ಮೆಣಸಿನ ವ್ಯಾಪಾರ ಅವಳ ಕೈಯಲ್ಲಿತ್ತು. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಅಂತಲೇ ಕರೆದರು. ಮುಂದಿನ ಶತಮಾನದಲ್ಲಿ ಕೆಳದಿಯ ಚೆನ್ನಮ್ಮ. ಗಂಡ ಸೋಮಶೇಖರ ನಾಯಕನ ನಂತರ ರಾಜ್ಯ ನಡೆಸಿದಳು. ಶಿವಾಜಿಯ ಮಗ ರಾಜಾರಾಮ ಮೊಗಲರಿಂದ ತಪ್ಪಿಸಿಕೊಂಡು ಬಂದಾಗ ಆಸರೆ ಕೊಟ್ಟಳು. ಔರಂಗಜೇಬನ ಸೇನೆ ಮೇಲೆ ಬಿತ್ತು, ಆದರೂ ಅವಳು ಬಗ್ಗಲಿಲ್ಲ. ಶಾಲೆಯ ಪಾಠದಲ್ಲಿ ಇವಳಿಗೆ ಇನ್ನೂ ಜಾಸ್ತಿ ಜಾಗ ಸಿಗಬೇಕು ಅನ್ನೋದು ನನ್ನ ಆಸೆ.

ಕಿತ್ತೂರಿನ ಚೆನ್ನಮ್ಮ ಬರುವುದು ಇವರೆಲ್ಲ ಆದ ಮೇಲೆ. ಹುಟ್ಟಿದ್ದು ಬೆಳಗಾವಿ ಹತ್ತಿರದ ಕಾಕತಿಯಲ್ಲಿ. ದತ್ತು ಮಗನಿಗೆ ಹಕ್ಕಿಲ್ಲ ಎಂದು ಕಂಪನಿ ಸರ್ಕಾರ ತಗಾದೆ ತೆಗೆದಾಗ ಯುದ್ಧಕ್ಕೇ ನಿಂತರು. 1824ರ ಅಕ್ಟೋಬರ್ 23ರಂದು ಕಿತ್ತೂರಿನವರು ಗೆದ್ದರು, ಕಲೆಕ್ಟರ್ ಥ್ಯಾಕರೆ ಸತ್ತ. ಡಿಸೆಂಬರ್‌ನಲ್ಲಿ ದೊಡ್ಡ ಸೇನೆ ಬಂದು ಕೋಟೆ ಹಿಡಿಯಿತು. ರಾಣಿ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲೇ ತೀರಿಕೊಂಡರು. ಹೆಸರು ರಾಣಿಯಿಂದ ಹುಟ್ಟಲಿಲ್ಲ, ನಿಜ. ಆದರೆ ಇವತ್ತು ಚೆನ್ನಮ್ಮ ಅಂದ ಕೂಡಲೇ ಚೆಲುವಿಗಿಂತ ಮೊದಲು ಕತ್ತಿ ಹಿಡಿದ ಹೆಂಗಸು ಕಣ್ಣಮುಂದೆ ಬರುವುದು ಅವರಿಂದಲೇ.

‘ಹಳೇ ಕಾಲದ ಹೆಸರು’ ಅಂತ ಯಾರಾದರೂ ಮೂಗು ಮುರಿದರೆ ಸುಮ್ನೆ ಬಿಡಿ. ಮನೆಯಲ್ಲಿ ಚೆನ್ನಿ, ಚೆನ್ನು ಅಂತ ಮುದ್ದಾಗಿ ಕರೆಯಬಹುದು. ಚನ್ನಮ್ಮ, ಚೆನ್ನಮ್ಮ ಎರಡೂ ಬರಹದಲ್ಲಿವೆ. ಜನನ ಪ್ರಮಾಣಪತ್ರದಲ್ಲಿ ಯಾವುದನ್ನು ಬರೆಸುತ್ತೀರೋ, ಆಧಾರ್‌ನಲ್ಲೂ ಶಾಲೆಯಲ್ಲೂ ಅದನ್ನೇ ಬರೆಸಿ.